ನಳನ ಮೂರು ವಿದ್ಯೆ: ಬೆಳಗಾವಿಯಲ್ಲೊಂದು ಕುದುರೆ ಓಟದ ಕೂಟ



ಬೆಳಗಾವಿಯ ದಂಡುಪ್ರದೇಶದ ಕಡೆ ಓಡಾಡಿದವರಿಗೆ ‘ರೇಸ್ ಕೋರ್ಸ್’ ಎಂಬ ಹೆಸರು ಹೊಸದಲ್ಲ. 2022ರ ಆಗಸ್ಟ್ ತಿಂಗಳಲ್ಲಿ ಅಲ್ಲಿಯ ಗಾಲ್ಫ್ ಮೈದಾನದಲ್ಲಿ ಚಿರತೆಯೊಂದು ಕಾಣಿಸಿಕೊಂಡು, ಸುತ್ತಲಿನ ಶಾಲೆಗಳಿಗೆ ರಜೆ ಸಾರಿ, ಅದರ ಹುಡುಕಾಟಕ್ಕೆ ಸಕ್ರೆಬೈಲಿನಿಂದ ಆನೆಗಳನ್ನು ಕರೆಸಿದ ಸುದ್ದಿಯಲ್ಲಿ ಈ ಹೆಸರು ನಾಡಿಗೆಲ್ಲ ಕೇಳಿಸಿತು. ಚಿರತೆಯ ಸುದ್ದಿ ಓದಿದ ಎಷ್ಟೋ ಮಂದಿ ‘ಬೆಳಗಾವಿಯಲ್ಲಿ ಕುದುರೆ ಓಟದ ಮೈದಾನ ಏಕೆ?’ ಎಂದು ಕೇಳಿರಬಹುದು. ಉತ್ತರ ಸರಳ. 1818ರಲ್ಲಿ ಬೆಳಗಾವಿಯ ಕೋಟೆ ಇಂಗ್ಲಿಷರ ಕೈಸೇರಿತು. ಮುಂದೆ ಇಲ್ಲಿ ದಂಡು ನೆಲೆಯೂರಿತು. ದಂಡು ಇದ್ದಲ್ಲಿ ಕುದುರೆ, ಕುದುರೆ ಇದ್ದಲ್ಲಿ ಓಟ, ಓಟ ಇದ್ದಲ್ಲಿ ಕೂಟ. ಇದು ಆ ಕಾಲದ ರೂಢಿ.

ಈ ಲೇಖನದಲ್ಲಿ ನಾವು ನೋಡಲಿರುವುದು ಆ ಕೂಟವನ್ನು. ಕುದುರೆ ಓಟವನ್ನು ವಿಷಯವಾಗಿಟ್ಟುಕೊಂಡು, ಬೇಸಿಗೆ ರಜೆಯ ಒಂದು ಸಂಜೆ, ಹನ್ನೆರಡು ಜನ ಗೆಳೆಯರನ್ನು ಮನೆಗೆ ಕರೆದು, ನಮ್ಮದೇ ಊಟ, ನಮ್ಮದೇ ಪಾನೀಯಗಳೊಂದಿಗೆ ಒಂದು ಕೂಟ ಏರ್ಪಡಿಸುವುದು ಹೇಗೆ? ಅದರಲ್ಲಿ ಕಲಿಯುವುದೇನು? ಬಿಡಬೇಕಾದದ್ದೇನು?

ಎರಡು ನಿಮಿಷದ ಓಟ, ದಿನವಿಡೀ ಹಬ್ಬ

ಕುದುರೆ ಓಟದ ದಿನ ಔತಣ ನಡೆಸುವ ಸಂಪ್ರದಾಯ ಬಹಳ ಪ್ರಸಿದ್ಧವಾಗಿರುವುದು ಅಮೆರಿಕದ ಕೆಂಟಕಿ ರಾಜ್ಯದಲ್ಲಿ. ಅಲ್ಲಿಯ ಲೂಯಿವಿಲ್ ನಗರದ ಚರ್ಚಿಲ್ ಡೌನ್ಸ್ ಮೈದಾನದಲ್ಲಿ 1875ರಿಂದ ‘ಕೆಂಟಕಿ ಡರ್ಬಿ’ ನಡೆದುಬಂದಿದೆ. ಮೇ ತಿಂಗಳ ಮೊದಲ ಶನಿವಾರ ಅದರ ದಿನ. ಅಲ್ಲಿ ಸಂಜೆಯಾದಾಗ ನಮ್ಮಲ್ಲಿ ಭಾನುವಾರದ ನಸುಕು. ಓಟದ ದೂರ ಒಂದೂಕಾಲು ಮೈಲಿ, ಅಂದರೆ ಸುಮಾರು 2 ಕಿಲೋಮೀಟರು. 1973ರಲ್ಲಿ ‘ಸೆಕ್ರೆಟೇರಿಯಟ್’ ಎಂಬ ಕುದುರೆ ಈ ದೂರವನ್ನು 1 ನಿಮಿಷ 59.4 ಸೆಕೆಂಡುಗಳಲ್ಲಿ ಮುಗಿಸಿತು. ಲೆಕ್ಕ ಹಾಕಿ ನೋಡಿ: ಗಂಟೆಗೆ ಸುಮಾರು 60 ಕಿಲೋಮೀಟರು ವೇಗ.

ಓಟ ಎರಡು ನಿಮಿಷದ್ದು. ಹಬ್ಬ ಮಾತ್ರ ದಿನವಿಡೀ. ಹೆಂಗಸರು ಅಗಲವಾದ ಅಲಂಕಾರದ ಟೊಪ್ಪಿಗೆ ಹಾಕಿಕೊಂಡು ಬರುತ್ತಾರೆ. ಗೆದ್ದ ಕುದುರೆಗೆ ಕೆಂಪು ಗುಲಾಬಿಗಳ ಹೊದಿಕೆ. ಮನೆಮನೆಗಳಲ್ಲಿ ‘ಬರ್ಗೂ’ ಎಂಬ, ಮಾಂಸ ತರಕಾರಿ ಎಲ್ಲ ಸೇರಿಸಿ ಗಂಟೆಗಟ್ಟಲೆ ಕುದಿಸಿದ ಸಾರು. ಪುದೀನ, ಸಕ್ಕರೆ, ಪುಡಿಮಾಡಿದ ಮಂಜುಗಡ್ಡೆಗಳಿಗೆ ಆ ನಾಡಿನ ಮೆಕ್ಕೆಜೋಳದ ಮದ್ಯ ಬೆರೆಸಿ, ಬೆಳ್ಳಿಯ ಲೋಟದಲ್ಲಿ ಕೊಡುವ ‘ಮಿಂಟ್ ಜೂಲೆಪ್’ 1930ರ ದಶಕದ ಕೊನೆಯಿಂದ ಈ ಓಟದ ಅಧಿಕೃತ ಪಾನೀಯ.

ಇಲ್ಲೊಂದು ಸೂಕ್ಷ್ಮವನ್ನು ಗಮನಿಸಬೇಕು. ಆ ಊಟ, ಆ ಪಾನೀಯ ಯಾವುದೂ ಕುದುರೆಗೆ ಸಂಬಂಧಿಸಿದ್ದಲ್ಲ. ಕೆಂಟಕಿಯ ಹೊಲದಲ್ಲಿ ಮೆಕ್ಕೆಜೋಳ ಬೆಳೆಯುತ್ತಿತ್ತು, ಹಿತ್ತಲಿನಲ್ಲಿ ಪುದೀನ ಇತ್ತು. ಅತಿಥಿಗಳು ಬಂದಾಗ ಅವರು ತಮ್ಮ ಮಣ್ಣು ಕೊಟ್ಟದ್ದನ್ನು ಬಡಿಸಿದರು. ನಾವು ಅದನ್ನು ನಕಲು ಮಾಡಬೇಕಾಗಿಲ್ಲ. ನಮ್ಮ ಮಣ್ಣು ಕೊಟ್ಟದ್ದನ್ನು ನಾವು ಬಡಿಸಿದರೆ ಅದೇ ನಿಜವಾದ ಸಂಪ್ರದಾಯ.

ಓಟದ ಹುಚ್ಚು ನಮಗೇನು ಹೊರಗಿನದಲ್ಲ. ಬೆಳಗಾವಿ ಸೀಮೆಯ ಹಳ್ಳಿಗಳಲ್ಲಿ ‘ಶರ್ಯತ್ತು’ ಎಂದರೆ ಜನ ಕಿಕ್ಕಿರಿಯುತ್ತಾರೆ. ಎತ್ತಿನ ಗಾಡಿಯ ಓಟಕ್ಕೆ ಅವಕಾಶ ಕೊಟ್ಟ ಕರ್ನಾಟಕದ 2017ರ ತಿದ್ದುಪಡಿ ಕಾನೂನನ್ನು ಸುಪ್ರೀಂ ಕೋರ್ಟು 2023ರ ಮೇ 18ರಂದು ಎತ್ತಿಹಿಡಿಯಿತು. ಆದರೆ ಅವಕಾಶವೆಂದರೆ ಹಿಂಸೆಗೆ ಪರವಾನಗಿಯಲ್ಲ. ನಮ್ಮ ಕೂಟದ ಮೊದಲ ನಿಯಮವೂ ಇದೇ: ಜೀವಂತ ಕುದುರೆಯನ್ನು ಕರೆತರುವುದು ಬೇಡ. ಕುದುರೆಯ ಕಾಲಿನಲ್ಲಿ ಮಂಡಿಯ ಕೆಳಗೆ ಸ್ನಾಯುಗಳಿಲ್ಲ. ಇರುವುದು ಎಲುಬು, ಸ್ನಾಯುರಜ್ಜು ಮತ್ತು ಅಸ್ಥಿರಜ್ಜು ಮಾತ್ರ. ನಾಗಾಲೋಟದಲ್ಲಿ ಒಂದೊಂದು ಕಾಲಿನ ಮೇಲೂ ಕ್ಷಣಕಾಲ ಮೈತೂಕದ ಎರಡೂವರೆ ಪಟ್ಟು ಭಾರ ಬೀಳುತ್ತದೆ. ಅಂಥ ಕಾಲನ್ನು ಡಾಂಬರು ರಸ್ತೆಯ ಮೇಲೆ, ನಮ್ಮ ಮನರಂಜನೆಗಾಗಿ ಓಡಿಸುವುದು ಸಲ್ಲದು.

ನಳನನ್ನು ಏಕೆ ನೆನೆಯಬೇಕು?

ಕುದುರೆ, ಊಟ, ಪಣ ಈ ಮೂರೂ ಸೇರಿದ ಕಥೆ ನಮ್ಮಲ್ಲೇ ಒಂದಿದೆ. ಮಹಾಭಾರತದ ವನಪರ್ವದಲ್ಲಿ ಬರುವ, ಕನಕದಾಸರು ‘ನಳಚರಿತ್ರೆ’ಯಾಗಿ ಕನ್ನಡಕ್ಕೆ ತಂದ ನಳ ದಮಯಂತಿಯರ ಕಥೆ.

ನಿಷಧದ ಅರಸನಾದ ನಳ ಪುಷ್ಕರನೊಡನೆ ಪಗಡೆಯಾಡಿ ರಾಜ್ಯ ಕಳೆದುಕೊಳ್ಳುತ್ತಾನೆ. ರೂಪಗೆಟ್ಟು, ಬಾಹುಕನೆಂಬ ಹೆಸರಿನಲ್ಲಿ ಅಯೋಧ್ಯೆಯ ಋತುಪರ್ಣನ ಬಳಿ ಸಾರಥಿಯಾಗಿ, ಅಡಿಗೆಯವನಾಗಿ ಸೇರುತ್ತಾನೆ. ರುಚಿಯಾದ ಅಡಿಗೆಗೆ ಇಂದಿಗೂ ನಾವು ‘ನಳಪಾಕ’ ಎನ್ನುತ್ತೇವೆ. ಮುಂದೆ ಋತುಪರ್ಣನನ್ನು ರಥದಲ್ಲಿ ವಿದರ್ಭಕ್ಕೆ ಕರೆದೊಯ್ಯುವಾಗ ಒಂದು ಸೊಗಸಾದ ಪ್ರಸಂಗವಿದೆ. ದಾರಿಯಲ್ಲಿ ಕಂಡ ಒಂದು ತಾರೆ ಮರದ ಎಲೆ ಮತ್ತು ಹಣ್ಣುಗಳ ಸಂಖ್ಯೆಯನ್ನು ಋತುಪರ್ಣ ನೋಡಿದೊಡನೆ ಹೇಳಿಬಿಡುತ್ತಾನೆ. ನಳ ರಥ ನಿಲ್ಲಿಸಿ ಎಣಿಸುತ್ತಾನೆ; ಲೆಕ್ಕ ಸರಿಯಾಗಿದೆ! ಆಗ ಇಬ್ಬರೂ ವಿದ್ಯೆಗಳನ್ನು ವಿನಿಮಯ ಮಾಡಿಕೊಳ್ಳುತ್ತಾರೆ. ಋತುಪರ್ಣ ಕೊಟ್ಟದ್ದು ಅಕ್ಷಹೃದಯ, ಅಂದರೆ ದಾಳದ ಮರ್ಮ. ನಳ ಕೊಡಲೊಪ್ಪಿದ್ದು ಅಶ್ವಹೃದಯ, ಕುದುರೆಯ ಮರ್ಮ. ಲೆಕ್ಕದ ವಿದ್ಯೆ ಕೈಸೇರಿದ ಕ್ಷಣವೇ ನಳನನ್ನು ಹಿಡಿದಿದ್ದ ಕಲಿ ಬಿಟ್ಟುಹೋಗುತ್ತಾನೆ.

ಲೆಕ್ಕ ತಿಳಿದೊಡನೆ ಕಲಿ ಬಿಟ್ಟ ಎಂಬ ಮಾತು ವಿಜ್ಞಾನದ ವಿದ್ಯಾರ್ಥಿಗಳಾದ ನಮಗೆ ಬಹಳ ಹಿಡಿಸಬೇಕು. ನಮ್ಮ ಕೂಟಕ್ಕೆ ನಳನೇ ಯಜಮಾನನಾಗಲಿ. ಅಶ್ವ, ಪಾಕ, ಎಣಿಕೆ ಎಂಬ ಅವನ ಮೂರು ವಿದ್ಯೆಗಳೇ ಕೂಟದ ಮೂರು ಭಾಗಗಳು.

ಮೊದಲನೆಯದು: ಅಶ್ವವಿದ್ಯೆ

ಬೆಳಗಾವಿಯಿಂದ ಖಾನಾಪುರಕ್ಕೆ ಸುಮಾರು 25 ಕಿಲೋಮೀಟರು. ಸೆಕ್ರೆಟೇರಿಯಟ್‌ನ ವೇಗದಲ್ಲಿ ಹೋದರೆ 25 ನಿಮಿಷದ ದಾರಿ. ಆದರೆ ಯಾವ ಕುದುರೆಯೂ ಹಾಗೆ ಓಡಲಾರದು. ಏಕೆ?

ವಿಶ್ರಾಂತಿಯಲ್ಲಿರುವ ಕುದುರೆಯ ಹೃದಯ ನಿಮಿಷಕ್ಕೆ 30ರಿಂದ 40 ಬಾರಿ ಮಿಡಿಯುತ್ತದೆ. ನಾಗಾಲೋಟದಲ್ಲಿ ಅದು 200ನ್ನು ದಾಟುತ್ತದೆ. ಓಟ ಶುರುವಾದೊಡನೆ ಕುದುರೆಯ ಗುಲ್ಮ, ಅಂದರೆ ಸ್ಪ್ಲೀನ್, ಸಂಕುಚಿಸಿ ತಾನು ಕೂಡಿಟ್ಟಿದ್ದ ಕೆಂಪು ರಕ್ತಕಣಗಳನ್ನು ರಕ್ತಕ್ಕೆ ಸುರಿಯುತ್ತದೆ. ಆಮ್ಲಜನಕ ಹೊರುವ ಶಕ್ತಿ ಒಮ್ಮೆಲೇ ಹೆಚ್ಚುತ್ತದೆ. ಕುದುರೆ ಬಾಯಿಂದ ಉಸಿರಾಡಲಾರದು, ಮೂಗಿನಿಂದ ಮಾತ್ರ. ನಾಗಾಲೋಟದಲ್ಲಿ ಒಂದು ನೆಗೆತಕ್ಕೆ ಒಂದು ಉಸಿರು ಎಂಬ ಕಟ್ಟುನಿಟ್ಟು. ಇಷ್ಟೆಲ್ಲ ಇದ್ದರೂ ಮೈಯಲ್ಲಿ ಹುಟ್ಟುವ ಬಿಸಿಯನ್ನು ಹೊರಹಾಕಲೇಬೇಕಲ್ಲ. ಅದಕ್ಕೆ ಉಪಾಯ ಬೆವರು. ಬಿಸಿಲಿನಲ್ಲಿ ಕಷ್ಟಪಟ್ಟು ದುಡಿಯುವ ಕುದುರೆ ಗಂಟೆಗೆ 10ರಿಂದ 15 ಲೀಟರಿನಷ್ಟು ಬೆವರಬಹುದು. ಅದರ ಬೆವರು ನಮ್ಮ ಬೆವರಿಗಿಂತ ಉಪ್ಪು. ಅದರಲ್ಲಿರುವ ‘ಲ್ಯಾಥರಿನ್’ ಎಂಬ ಪ್ರೋಟೀನು ಸಾಬೂನಿನಂತೆ ನೊರೆಗಟ್ಟಿ, ಕೂದಲಿನ ತುದಿಯವರೆಗೂ ಬೆವರನ್ನು ಹರಡುತ್ತದೆ. ಓಡಿಬಂದ ಕುದುರೆಯ ಮೈಮೇಲೆ ಬಿಳಿ ನೊರೆ ಕಾಣುವುದು ಇದರಿಂದಲೇ.

ದೂರದರ್ಶನದಲ್ಲಿ ದುಡಿಯುವ ನಮ್ಮಂಥವರ ಮೇಲೆ ಕುದುರೆಯ ಒಂದು ಋಣವೂ ಇದೆ. ಓಡುವ ಕುದುರೆಯ ನಾಲ್ಕೂ ಕಾಲು ಒಮ್ಮೆಯಾದರೂ ನೆಲ ಬಿಡುತ್ತವೆಯೇ? ಬರಿಗಣ್ಣಿಗೆ ತಿಳಿಯದ ಈ ಪ್ರಶ್ನೆಗೆ 1878ರ ಜೂನ್ ತಿಂಗಳಲ್ಲಿ ಎಡ್ವರ್ಡ್ ಮೈಬ್ರಿಜ್ ಎಂಬ ಛಾಯಾಗ್ರಾಹಕ ಕ್ಯಾಲಿಫೋರ್ನಿಯಾದಲ್ಲಿ ಉತ್ತರ ಕಂಡುಕೊಂಡ. ಓಟದ ದಾರಿಯುದ್ದಕ್ಕೂ 12 ಕ್ಯಾಮರಾಗಳನ್ನು ಸಾಲಾಗಿ ಇಟ್ಟು ಒಂದರ ಹಿಂದೊಂದು ಚಿತ್ರ ತೆಗೆದ. ಕಾಲುಗಳು ನೆಲ ಬಿಡುವುದು ನಿಜ. ಆದರೆ ಚಿತ್ರಕಾರರು ಅದುವರೆಗೆ ಬರೆಯುತ್ತಿದ್ದಂತೆ ಕಾಲುಗಳನ್ನು ಹಿಂದಕ್ಕೂ ಮುಂದಕ್ಕೂ ಚಾಚಿದಾಗ ಅಲ್ಲ, ನಾಲ್ಕನ್ನೂ ಹೊಟ್ಟೆಯ ಕೆಳಗೆ ಮಡಿಸಿಕೊಂಡಾಗ! ಈ ಚಿತ್ರಗಳನ್ನು ವೇಗವಾಗಿ ತಿರುಗಿಸಿ ತೋರಿಸಿದಾಗ ಕುದುರೆ ಮತ್ತೆ ಓಡಿತು. ಚಲನಚಿತ್ರದ ಬೀಜ ಅಲ್ಲಿದೆ. ನಮ್ಮ ಟಿ.ವಿ. ಪರದೆಯಲ್ಲಿ ಸೆಕೆಂಡಿಗೆ 25 ನಿಶ್ಚಲ ಚಿತ್ರಗಳು ಬಂದುಹೋಗುತ್ತವೆ. ಅವುಗಳನ್ನು ಬೆಸೆದು ಚಲನೆಯಾಗಿ ಕಾಣುವುದು ನಮ್ಮ ಕಣ್ಣು ಮತ್ತು ಮಿದುಳು.

ಆಮಂತ್ರಣ ಪತ್ರವನ್ನೇ ಹೀಗೆ ಮಾಡಿ. ಅಂಗೈಯಗಲದ 12 ರಟ್ಟಿನ ಹಾಳೆಗಳ ಮೇಲೆ ಓಟದ 12 ಹಂತಗಳನ್ನು ಬರೆದು, ಒಂದು ಬದಿ ಹೊಲಿದು, ಹೆಬ್ಬೆರಳಿನಿಂದ ಸರ್ರನೆ ತಿರುವಿದರೆ ಕುದುರೆ ಓಡುತ್ತದೆ. ಕೊನೆಯ ಹಾಳೆಯ ಹಿಂದೆ ದಿನ, ಸಮಯ, ವಿಳಾಸ.

ಎರಡನೆಯದು: ಪಾಕವಿದ್ಯೆ

ಕುದುರೆಯ ಕೂಟಕ್ಕೆ ಕುದುರೆಯದೇ ಆಹಾರದಿಂದ ಆರಂಭಿಸೋಣ. ಹುರುಳಿಗೆ ಇಂಗ್ಲಿಷಿನಲ್ಲಿ ‘ಹಾರ್ಸ್ ಗ್ರಾಮ್’ ಎಂದೇ ಹೆಸರು. ಕುದುರೆಯ ಲಾಯದಲ್ಲೂ ರೈತನ ಅಡಿಗೆಮನೆಯಲ್ಲೂ ಸಮಾನವಾಗಿ ಬೇಯುತ್ತಿದ್ದ ಕಾಳು ಇದು. ಮಳೆ ಕಡಿಮೆಯಾದರೂ, ನೆಲ ಬಡವಾದರೂ ಬೆಳೆಯುತ್ತದೆ. ಹನ್ನೆರಡು ಜನಕ್ಕೆ ಅರ್ಧ ಕಿಲೋ ಸಾಕು. ಮೊದಲ ರಾತ್ರಿ ನೆನೆಸಿ, ಬೆಳಿಗ್ಗೆ ನೀರು ಬಸಿದು ಬಟ್ಟೆಯಲ್ಲಿ ಕಟ್ಟಿ, ಮರುದಿನಕ್ಕೆ ಮೊಳಕೆ ಬಂದ ಮೇಲೆ ಬೇಯಿಸಿ. ಕಾಳಿಗೆ ಈರುಳ್ಳಿ, ಕಾಯಿತುರಿಯ ಒಗ್ಗರಣೆ ಕೊಟ್ಟರೆ ಉಸಳಿ. ಬಸಿದ ಕಟ್ಟಿಗೆ ಹುಣಸೆಹುಳಿ, ಬೆಳ್ಳುಳ್ಳಿ, ಖಾರದಪುಡಿ ಹಾಕಿ ಕುದಿಸಿದರೆ ಸಾರು. ಒಂದೇ ಪಾತ್ರೆಯಲ್ಲಿ ಎರಡು ಪದಾರ್ಥ, ಒಂದು ಹನಿಯೂ ವ್ಯರ್ಥವಿಲ್ಲ. ಮೊಳಕೆ ಬಂದಾಗ ಕಾಳಿನೊಳಗಿನ ಕಿಣ್ವಗಳು ಜೀರ್ಣಕ್ಕೆ ಕಷ್ಟವಾದ ಕೆಲವು ಸಕ್ಕರೆಗಳನ್ನು ಮೊದಲೇ ಒಡೆದಿರುತ್ತವೆ. ಹೊಟ್ಟೆ ಉಬ್ಬರ ಕಡಿಮೆ.

ಜೊತೆಗೆ ಜೋಳದ ರೊಟ್ಟಿ. ಗೋಧಿಯಲ್ಲಿರುವ, ಹಿಟ್ಟನ್ನು ರಬ್ಬರಿನಂತೆ ಎಳೆಯಲು ಬಿಡುವ ಗ್ಲುಟೆನ್ ಜೋಳದಲ್ಲಿಲ್ಲ. ಹಾಗಾದರೆ ರೊಟ್ಟಿ ಹರಿಯದೆ ಹೇಗೆ ನಿಲ್ಲುತ್ತದೆ? ಅಜ್ಜಿ ಹಿಟ್ಟಿಗೆ ಕುದಿಯುವ ನೀರನ್ನೇ ಏಕೆ ಹಾಕುತ್ತಾಳೆ ಎಂಬುದರಲ್ಲಿ ಉತ್ತರವಿದೆ. ಬಿಸಿ ನೀರಿಗೆ ಜೋಳದ ಪಿಷ್ಟದ ಕಣಗಳು ಉಬ್ಬಿ ಅಂಟಾಗುತ್ತವೆ. ಆ ಅಂಟೇ ಹಿಟ್ಟನ್ನು ಹಿಡಿದಿಡುತ್ತದೆ. ಕೂಟದ ದಿನ ಒಲೆಯ ಮುಂದೆ ಯಾರೂ ಬೇಯಬಾರದೆಂದರೆ ನಾಲ್ಕು ದಿನ ಮೊದಲೇ ಖಡಕ್ ರೊಟ್ಟಿ ಮಾಡಿಡಿ. ನೀರಿನಂಶ ಆರಿದ ರೊಟ್ಟಿಗೆ ಬೂಷ್ಟು ಹಿಡಿಯುವುದಿಲ್ಲ. ಶೇಂಗಾ ಚಟ್ನಿ, ಬದನೆಕಾಯಿ ಎಣ್ಣೆಗಾಯಿ, ಗಟ್ಟಿ ಮೊಸರು, ಹಸಿ ಉಳ್ಳಾಗಡ್ಡಿ ಇದ್ದರೆ ಪಂಕ್ತಿ ತುಂಬಿತು.

ಸಿಹಿಗೆ ಬೇರೆ ಊರು ಹುಡುಕಬೇಕೇ? ಕುಂದಾ ಇರುವಾಗ! ಹಾಲು ಕುದಿದು ಇಂಗುವಾಗ ಅದರ ಪ್ರೋಟೀನು ಮತ್ತು ಸಕ್ಕರೆ ಶಾಖದಲ್ಲಿ ಕೂಡಿಕೊಂಡು ಕಂದು ಬಣ್ಣ, ಹುರಿದಂಥ ಪರಿಮಳ ಹುಟ್ಟುತ್ತದೆ. 1912ರಲ್ಲಿ ಫ್ರಾನ್ಸಿನ ಮೈಯಾರ್ ಎಂಬ ವಿಜ್ಞಾನಿ ವಿವರಿಸಿದ್ದರಿಂದ ಇದಕ್ಕೆ ‘ಮೈಯಾರ್ ಕ್ರಿಯೆ’ ಎಂದು ಹೆಸರು. ರೊಟ್ಟಿಯ ಮೇಲಿನ ಕಂದು ಚುಕ್ಕೆಗಳೂ ಇದರ ಬಂಧುಗಳೇ. ಕುಂದಾದ ಹರಳು ಹರಳಾದ ರಚನೆಗೆ ಕಾರಣ, ಹಾಲಿಗೆ ಸೇರಿಸುವ ಮೊಸರಿನ ಹುಳಿ. ಆ ಹುಳಿಗೆ ಹಾಲಿನ ಪ್ರೋಟೀನು ಒಡೆದು ಸಣ್ಣ ಕಾಳುಗಟ್ಟುತ್ತದೆ.

ಖಾನಾಪುರದ ಕೊಡುಗೆ: ಹಣ್ಣು ಮತ್ತು ಮಡಕೆ

ಪಾನೀಯಗಳಿಗೆ ನಾವು ಖಾನಾಪುರದ ಕಡೆ ತಿರುಗಬೇಕು. ಮಲಪ್ರಭೆ ಹುಟ್ಟುವ ಕಣಕುಂಬಿ ಇರುವುದು ಖಾನಾಪುರ ತಾಲ್ಲೂಕಿನಲ್ಲಿ. ಅಲ್ಲಿಯ ಘಟ್ಟದ ಕಾಡುಗಳಲ್ಲಿ ಬೇಸಿಗೆಯ ಕೊನೆಗೆ ಮುರುಗಲು, ಅಂದರೆ ಕೋಕಂ ಹಣ್ಣಾಗುತ್ತದೆ. ಅದರ ಸಿಪ್ಪೆಯನ್ನು ನೀರಿನಲ್ಲಿ ಕಿವುಚಿ, ಸಕ್ಕರೆ, ಚಿಟಿಕೆ ಉಪ್ಪು, ಹುರಿದ ಜೀರಿಗೆಪುಡಿ ಹಾಕಿದರೆ ಮಾಣಿಕ್ಯದ ಬಣ್ಣದ ಪಾನಕ. ಈ ಬಣ್ಣ ಆಂಥೋಸಯಾನಿನ್ ಎಂಬ ವರ್ಣದ್ರವ್ಯದ್ದು. ಹುಳಿಯಲ್ಲಿ ಕೆಂಪಾಗಿರುವ ಅದು ಕ್ಷಾರದಲ್ಲಿ ಬಣ್ಣ ಬದಲಿಸುತ್ತದೆ. ಒಂದು ಚಮಚ ಪಾನಕಕ್ಕೆ ಚಿಟಿಕೆ ಅಡಿಗೆ ಸೋಡ ಹಾಕಿ ಗೆಳೆಯರಿಗೆ ತೋರಿಸಿ. ಲಿಟ್ಮಸ್ ಕಾಗದ ಕೊಳ್ಳುವ ಕೆಲಸವಿಲ್ಲ. ಆ ಚಮಚದ್ದನ್ನು ಕುಡಿಯಬೇಡಿ. ಹುಳಿ ಪಾನಕವನ್ನು ತಾಮ್ರ, ಹಿತ್ತಾಳೆಯ ಪಾತ್ರೆಯಲ್ಲಿ ಇಡಲೂ ಬೇಡಿ.

ಜೂಲೆಪ್‌ಗೆ ಬದಲಾಗಿ ಪುದೀನದ ಬೆಲ್ಲದ ಪಾನಕ. 250 ಗ್ರಾಂ ಬೆಲ್ಲವನ್ನು 2 ಲೀಟರು ನೀರಿನಲ್ಲಿ ಕರಗಿಸಿ ಸೋಸಿ, 5 ನಿಂಬೆಹಣ್ಣಿನ ರಸ, ಏಲಕ್ಕಿ, ಚಿಟಿಕೆ ಉಪ್ಪು, ಒಂದು ಹಿಡಿ ಪುದೀನ ಸೇರಿಸಿ. ಪುದೀನದ ಎಣ್ಣೆ ಎಲೆಯ ಮೇಲ್ಮೈಯ ಸಣ್ಣ ಗ್ರಂಥಿಗಳಲ್ಲಿರುತ್ತದೆ. ಅಂಗೈಗಳ ನಡುವೆ ಒಮ್ಮೆ ತಟ್ಟಿದರೆ ಸಾಕು, ಪರಿಮಳ ಬಿಡುತ್ತದೆ. ಅರೆದರೆ ಎಲೆಯೊಳಗಿನ ಕಹಿಯೂ ಬರುತ್ತದೆ. ಬೆಳ್ಳಿಯ ಬದಲು ಸ್ಟೀಲಿನ ತೆಳು ಲೋಟ ಇರಲಿ. ಐಸು ಹಾಕಿದೊಡನೆ ಲೋಟದ ಹೊರಮೈ ತಣಿದು, ಗಾಳಿಯ ಆವಿ ಅದರ ಮೇಲೆ ಹನಿಗಟ್ಟುತ್ತದೆ.

ಮೂರನೆಯದು ಮಜ್ಜಿಗೆ. ಒಂದು ಲೀಟರು ಮೊಸರಿಗೆ ಮೂರು ಲೀಟರು ನೀರು, ಉಪ್ಪು, ಶುಂಠಿ, ಕೊತ್ತಂಬರಿ, ಇಂಗು. ಕುದುರೆಯಂತೆ ನಾವೂ ಬೆವರುವ ಪ್ರಾಣಿಗಳು. ಬೆವರಿನಲ್ಲಿ ಹೋಗುವುದು ನೀರಷ್ಟೇ ಅಲ್ಲ, ಉಪ್ಪೂ ಹೌದು. ಬಿಸಿಲಿನಲ್ಲಿ ಆಡಿಬಂದವರಿಗೆ ಮಜ್ಜಿಗೆ ಎರಡನ್ನೂ ಮರಳಿಸುತ್ತದೆ.

ಇದನ್ನೆಲ್ಲ ತಣ್ಣಗಿಡಲು ಖಾನಾಪುರದ ಮಡಕೆ. ಖಾನಾಪುರ ಕುಂಬಾರಿಕೆಗೂ ಹೆಂಚಿಗೂ ಹೆಸರಾದ ಊರು. ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆ ನೆಲೆಗೊಂಡದ್ದೂ ಅಲ್ಲೇ. ಮೆರುಗು ಹಚ್ಚದ ಮಡಕೆಯ ಗೋಡೆಯಲ್ಲಿ ಸೂಕ್ಷ್ಮ ರಂಧ್ರಗಳಿರುತ್ತವೆ. ನೀರು ಅವುಗಳ ಮೂಲಕ ಜಿನುಗಿ ಹೊರಮೈಯಲ್ಲಿ ಆವಿಯಾಗುತ್ತದೆ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 580 ಕ್ಯಾಲೊರಿ ಗುಪ್ತೋಷ್ಣ ಬೇಕು. ಹತ್ತು ಲೀಟರಿನ ಮಡಕೆಯಿಂದ ಬರೀ 100 ಗ್ರಾಂ ನೀರು ಆವಿಯಾದರೆ, ಹೊರಗಿನ ಬಿಸಿ ಒಳಬರುವುದನ್ನು ಲೆಕ್ಕಕ್ಕೆ ಹಿಡಿಯದಿದ್ದಲ್ಲಿ, ಉಳಿದ ನೀರು 5ರಿಂದ 6 ಡಿಗ್ರಿ ತಣಿಯುತ್ತದೆ. ಕುದುರೆಯ ಮೈಮೇಲಿನ ನೊರೆ ಮಾಡುವ ಕೆಲಸವೂ ಇದೇ! ಗಾಳಿ ಒಣಗಿರುವ ಬೇಸಿಗೆಯಲ್ಲಿ ಮಡಕೆ ಚೆನ್ನಾಗಿ ತಣಿಸುತ್ತದೆ. ಜುಲೈ ತಿಂಗಳ ಖಾನಾಪುರದ ಮಳೆಯಲ್ಲಿ ಅದೇ ಮಡಕೆ ಸುಮ್ಮನೆ ಕುಳಿತಿರುತ್ತದೆ. ಆವಿಯಿಂದ ತುಂಬಿದ ಗಾಳಿಗೆ ಇನ್ನಷ್ಟು ಆವಿ ಬೇಡ.

ಮೂರನೆಯದು: ಎಣಿಕೆಯ ವಿದ್ಯೆ

ಈಗ ಓಟ. ರಟ್ಟಿನ ಮೇಲೆ 11 ಓಣಿಗಳನ್ನು ಎಳೆದು 2ರಿಂದ 12ರವರೆಗೆ ಸಂಖ್ಯೆ ಕೊಡಿ. ಪ್ರತಿ ಓಣಿಗೆ 5 ಮನೆ. ಒಂದೊಂದರಲ್ಲೂ ಒಂದು ಕಾಗದದ ಕುದುರೆ. ಒಡೆಯ ತನ್ನ ಇಷ್ಟದ ಬಣ್ಣ ಹಚ್ಚಲಿ. ಹನ್ನೊಂದು ಜನ ಒಡೆಯರು, ಹನ್ನೆರಡನೆಯವರು ಪಂದ್ಯದ ‘ಕಟ್ಟೆ’. ಎರಡು ದಾಳ ಎಸೆದು ಮೊತ್ತ ಎಷ್ಟು ಬರುತ್ತದೋ ಆ ಸಂಖ್ಯೆಯ ಕುದುರೆ ಒಂದು ಮನೆ ಮುಂದೆ. ಮೊದಲು 5ನೆಯ ಮನೆ ಮುಟ್ಟಿದ್ದು ಗೆದ್ದಂತೆ.

ಕೆಲವು ಓಟ ಆಡುತ್ತಿದ್ದಂತೆ 2 ಮತ್ತು 12ರ ಒಡೆಯರ ಮುಖ ಬಾಡುತ್ತದೆ. ಎರಡು ದಾಳ ಬೀಳುವ ಬಗೆಗಳು 6 ಗುಣಿಸು 6, ಒಟ್ಟು 36. ಮೊತ್ತ 2 ಬರಲು ಒಂದೇ ದಾರಿ: ಒಂದು ಮತ್ತು ಒಂದು. 7 ಬರಲು ಆರು ದಾರಿ. ಆದ್ದರಿಂದ 7ರ ಕುದುರೆ 2ರ ಕುದುರೆಗಿಂತ ಸರಾಸರಿ ಆರು ಪಟ್ಟು ಹೆಚ್ಚು ಬಾರಿ ಹೆಜ್ಜೆಯಿಡುತ್ತದೆ. ಅದೃಷ್ಟವೆಂದು ನಾವು ಕರೆಯುವುದರ ಕೆಳಗೆ ಎಣಿಕೆಯ ಗಟ್ಟಿ ನೆಲವಿದೆ ಎಂಬುದು ಇಷ್ಟರಲ್ಲೇ ಸ್ಪಷ್ಟ.

ಈಗ ಒಂದು ಪ್ರಯೋಗ. ಹಣ ಬೇಡ, ಹನ್ನೊಂದು ಒಡೆಯರಿಗೂ 10ರಂತೆ ಹುಣಸೆ ಬೀಜ ಕೊಡಿ. ಒಟ್ಟು 110. ಪ್ರತಿ ಓಟದಲ್ಲೂ ಎಲ್ಲರೂ ಇರುವ ಬೀಜಗಳನ್ನೆಲ್ಲ ತಮಗೆ ಬೇಕಾದ ಕುದುರೆಯ ಮೇಲೆ ಇಡಲಿ. ‘ಕಟ್ಟೆ’ಯವರು ಐದರಲ್ಲಿ ಒಂದು ಪಾಲು ಎತ್ತಿಟ್ಟುಕೊಂಡು ಉಳಿದದ್ದನ್ನು ಗೆದ್ದವರಿಗೆ ಅವರು ಇಟ್ಟ ಪ್ರಮಾಣದಲ್ಲಿ ಹಂಚಲಿ. ಗೆದ್ದ ಕುದುರೆಯ ಮೇಲೆ ಯಾರೂ ಇಡದಿದ್ದರೆ ಎರಡನೆಯದಕ್ಕೆ ಹಂಚಿ. ಬರಿಗೈಯಾದವರು ಗೆದ್ದವರಿಂದ ಸಾಲ ಪಡೆಯಲಿ. ಹೂಡಿದ್ದನ್ನೆಲ್ಲ ಒಂದು ರಾಶಿ ಮಾಡಿ, ಪಾಲು ತೆಗೆದು ಹಂಚುವ ಈ ಕ್ರಮವನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಪ್ಯಾರಿಸಿನ ಜೋಸೆಫ್ ಓಲರ್ ಬಳಕೆಗೆ ತಂದ. ಇಂದಿನ ‘ಟೋಟ್’ ಅದರದೇ ರೂಪ. ಪಾಲಿನ ಪ್ರಮಾಣ ಊರಿನಿಂದ ಊರಿಗೆ ಬೇರೆ. ಐದರಲ್ಲೊಂದು ಎಂಬುದು ನಮ್ಮ ಆಟದ ಲೆಕ್ಕ.

ರಾಶಿಯನ್ನು ಗಮನಿಸಿ. ಮೊದಲ ಓಟದ ಬಳಿಕ 88, ಎರಡನೆಯದರ ಬಳಿಕ 70, ಆಮೇಲೆ 56, ನಂತರ 45, ಐದನೆಯದರ ಬಳಿಕ 36. ಗೆದ್ದವರಿದ್ದಾರೆ, ಸೋತವರಿದ್ದಾರೆ, ಕೂಗಾಟ ನಗು ಎಲ್ಲವೂ ಇದೆ. ಆದರೆ ಯಾವ ಕುದುರೆಯ ಮೇಲೂ ಒಂದು ಬೀಜ ಇಡದ ಹನ್ನೆರಡನೆಯವರ ಮುಂದೆ 74 ಬೀಜಗಳು!

ಲೆಕ್ಕ ತಿಳಿದವನಾದರೂ ಗೆಲ್ಲಬಹುದಲ್ಲವೇ ಎಂದು ಕೇಳುವಿರಿ. ನಿಜ, 7ರ ಗುಟ್ಟು ನಮಗೆ ಗೊತ್ತಾಗಿದೆ. ಹಾಗಾದರೆ ಹನ್ನೊಂದೂ ಜನ 7ರ ಮೇಲೆಯೇ ಇಡಲಿ, 7ರ ಕುದುರೆಯೇ ಗೆಲ್ಲಲಿ. 10 ಬೀಜ ಇಟ್ಟ ಪ್ರತಿಯೊಬ್ಬನಿಗೂ ಮರಳುವುದು 8. ಎಲ್ಲರೂ ಗೆದ್ದು, ಎಲ್ಲರೂ ಕಳೆದುಕೊಂಡರು! ನಿಮಗೆ ತಿಳಿದದ್ದು ಬೇರೆಯವರಿಗೂ ತಿಳಿದಿದ್ದರೆ ಆ ತಿಳಿವಿಗೆ ಬೆಲೆಯಿಲ್ಲ. ಪಾಲು ಮಾತ್ರ ಪ್ರತಿ ಸಲ ಕಳೆಯುತ್ತದೆ. ಕಥೆಯ ನಳ ಅಕ್ಷಹೃದಯ ಕಲಿತ ಮೇಲೆ ಪುಷ್ಕರನೊಡನೆ ಮತ್ತೆ ಆಡಿ ರಾಜ್ಯ ಗೆದ್ದನಲ್ಲ ಎಂದರೆ, ಅವರಿಬ್ಬರ ನಡುವೆ ಪಾಲು ತೆಗೆಯುವ ಮೂರನೆಯವನಿರಲಿಲ್ಲ ಎಂಬುದನ್ನು ನೆನಪಿಡಿ.

ಕುದುರೆಯ ತಳಿ, ಮೈಕಟ್ಟು, ಸವಾರನ ಚಾತುರ್ಯಗಳನ್ನು ಅಳೆಯುವುದು ಕೌಶಲವೆಂದು ಸುಪ್ರೀಂ ಕೋರ್ಟು 1996ರಲ್ಲಿ ಹೇಳಿತು. ಅದು ಕಾನೂನಿನ ಮಾತು. ಪಾಲಿನ ಗಣಿತವನ್ನು ಅದು ಬದಲಿಸುವುದಿಲ್ಲ. ಪಂದ್ಯದ ಮೇಲಿನ ಜಿ.ಎಸ್.ಟಿ. ತೆರಿಗೆಯೂ 2025ರ ಸೆಪ್ಟೆಂಬರಿನಲ್ಲಿ ಶೇಕಡಾ 28ರಿಂದ 40ಕ್ಕೆ ಏರಿತು. ಇನ್ನು ನಿಮ್ಮ ವಯಸ್ಸಿನವರಿಗೆ ಮೈದಾನಕ್ಕಿಂತ ಹತ್ತಿರವಿರುವುದು ಜೇಬಿನ ಮೊಬೈಲು. ಅಲ್ಲಿ ಓಟಕ್ಕೆ ಋತುವಿಲ್ಲ, ರಾತ್ರಿಯಿಲ್ಲ. ಐದು ಸುತ್ತು ಮುಗಿಯಲು ಐದು ನಿಮಿಷವೂ ಬೇಡ. ಹಣ ಹೂಡಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿದ್ದು ಸುಮ್ಮನೆ ಅಲ್ಲ. ಆದರೆ ಕಾನೂನು ಹೊರಗಿನ ಬೇಲಿ. ಹುಣಸೆ ಬೀಜದ ರಾಶಿ ಕರಗಿದ್ದನ್ನು ಒಮ್ಮೆ ಕಣ್ಣಾರೆ ಕಂಡವರಿಗೆ ಒಳಗೊಂದು ಬೇಲಿಯೂ ಏಳುತ್ತದೆ.

ಕೂಟದ ಕ್ರಮ

ಮೇ ತಿಂಗಳ ಒಂದು ಭಾನುವಾರ ಸಂಜೆ 4ಕ್ಕೆ ಆರಂಭಿಸಿ. ಬಂದವರಿಗೆ ಮೊದಲು ಮಡಕೆಯ ಮಜ್ಜಿಗೆ. ಟೊಪ್ಪಿಗೆಯ ಬದಲು ಪ್ರತಿಯೊಬ್ಬರೂ ಹಳೆಯ ಬಟ್ಟೆಯಲ್ಲಿ ರುಮಾಲು ಸುತ್ತಿಕೊಳ್ಳಲಿ. ಸೊಗಸಾದ ರುಮಾಲಿಗೆ ಒಂದು ಬಹುಮಾನ. ನಾಲ್ಕೂವರೆಗೆ ಕಾಗದದ ಕುದುರೆಗಳಿಗೆ ಬಣ್ಣ. ಐದಕ್ಕೆ ಓಟ, ನಡುವೆ ಕೋಕಂ ಮತ್ತು ಪುದೀನದ ಪಾನಕ. ಆರೂವರೆಗೆ ಬೀಜಗಳ ಲೆಕ್ಕ, ಅದರ ಮೇಲೆ ಹತ್ತು ನಿಮಿಷದ ಚರ್ಚೆ. ಏಳಕ್ಕೆ ಪಂಕ್ತಿ ಊಟ. ಗೆದ್ದ ಕುದುರೆಗೆ ಗುಲಾಬಿಯ ಬದಲು ಸೇವಂತಿಗೆಯ ಮಾಲೆ, ಅದರ ಒಡೆಯನಿಗೆ ಒಂದು ಚಮಚ ಹೆಚ್ಚು ಕುಂದಾ. ಸೋತವರಿಗೂ ಕುಂದಾ ಉಂಟು.

ನೀವೇ ಮಾಡಿ ನೋಡಿ

1. ಒಂದೇ ಅಳತೆಯ ನೀರನ್ನು ಮಡಕೆಯಲ್ಲೂ ಸ್ಟೀಲಿನ ಪಾತ್ರೆಯಲ್ಲೂ ತುಂಬಿ, ಗಂಟೆಗೊಮ್ಮೆ ಉಷ್ಣಾಂಶ ಬರೆದಿಡಿ. ಮೇ ಮತ್ತು ಜುಲೈ ತಿಂಗಳ ಅಂಕಿಗಳನ್ನು ಹೋಲಿಸಿ.

2. ದಾಳದ ಓಟವನ್ನು ನ್ಯಾಯವಾಗಿಸಲು 2 ಮತ್ತು 12ಕ್ಕೆ 1 ಮನೆ, 3 ಮತ್ತು 11ಕ್ಕೆ 2 ಮನೆ, ಹೀಗೆ 7ಕ್ಕೆ 6 ಮನೆ ಕೊಡಿ. ಮೇಲ್ನೋಟಕ್ಕೆ ಸರಿ ಕಾಣುತ್ತದೆ. ಐವತ್ತು ಓಟ ಆಡಿ ನೋಡಿ: ಈಗ 2 ಮತ್ತು 12 ಹೆಚ್ಚು ಗೆಲ್ಲುತ್ತವೆ. ಏಕೆಂದು ಗಣಿತದ ಮೇಷ್ಟ್ರೊಂದಿಗೆ ಚರ್ಚಿಸಿ.

3. ಋತುಪರ್ಣನಂತೆ ಒಂದು ಮರದ ಕಾಯಿಗಳನ್ನು ಅಂದಾಜು ಮಾಡಿ. ನಾಲ್ಕು ಕೊಂಬೆಗಳ ಕಾಯಿ ಎಣಿಸಿ, ಸರಾಸರಿ ತೆಗೆದು, ಕೊಂಬೆಗಳ ಸಂಖ್ಯೆಯಿಂದ ಗುಣಿಸಿ. ಇಬ್ಬರು ಬೇರೆ ಬೇರೆಯಾಗಿ ಮಾಡಿದರೆ ಉತ್ತರಗಳು ಎಷ್ಟು ಹತ್ತಿರ ಬರುತ್ತವೆ ನೋಡಿ.

ನಳ ಕಳೆದುಕೊಂಡದ್ದು ಒಂದು ಪಗಡೆಯಾಟದಲ್ಲಿ. ಅವನನ್ನು ಮತ್ತೆ ಎತ್ತಿ ನಿಲ್ಲಿಸಿದ್ದು ಕಲಿತ ವಿದ್ಯೆಗಳು. ಕುದುರೆಯನ್ನು ಅರಿಯೋಣ, ಹಸಿದವರಿಗೆ ಬಡಿಸೋಣ, ಎಣಿಸುವುದನ್ನು ಕಲಿಯೋಣ. ಪಣದ ಹಣವೊಂದನ್ನು ಕೂಟದ ಬಾಗಿಲ ಹೊರಗೆ ಬಿಟ್ಟರೆ ಉಳಿದ ಸಂತೋಷದಲ್ಲಿ ಏನೂ ಕಡಿಮೆಯಾಗುವುದಿಲ್ಲ.